ಎಡಗಣ್ಣಿನ ಕೆಳಗೆರೆ

ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹತ್ತಿ ಕೂತ ಕೂಡಲೇ ಮುದ್ದಯ್ಯ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಮೈಭಾರವನ್ನೆಲ್ಲ ಹೇರಿದ. ಹಾಗೆ ಕೂತರೆ ಕೈ ನಡುಗುವುದು ಯಾರಿಗೂ ಕಾಣುವುದಿಲ್ಲ, ತನಗೂ ಅಷ್ಟಾಗಿ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಜೋಮು ಹಿಡಿದು ಅದು ಪಕ್ಕದವರ ಕೈಯೇನೋ ಅನ್ನಿಸತೊಡಗುತ್ತದೆ. ಪಕ್ಕದಲ್ಲಿ ಸೊಸೆ ಸುನಿತಾ ಮಡಿಲ ಮೇಲೆ ರಟ್ಟಿನ ಡಬ್ಬ ಇಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಡಬ್ಬದೊಳಗೆ ಒಣಹುಲ್ಲಿನ ನಡುವೆ ಆರು ಮಣ್ಣಿನ ಗೊಂಬೆಗಳು. ಸುಟ್ಟು, ಬಿಳಿ ಹಚ್ಚಿ, ಸೀರೆ ಒಡವೆ ತುರುಬಿನ ಹೂವು ಎಲ್ಲ ಬರೆದು ಮುಗಿದವು, ಕಣ್ಣೊಂದು ಬಿಟ್ಟು. ಆ ಕಣ್ಣುಗಳನ್ನು ಇವತ್ತು ನಾಗಮಂಗಲದಲ್ಲಿ ಮೂವತ್ತು ಹೆಂಗಸರ ಎದುರಿಗೆ ಕೂತು ಮುದ್ದಯ್ಯ ಬರೆಯಬೇಕು. ಬರೆದು ತೋರಿಸಿ, ಹತ್ತು ದಿನ ಅವರಿಗೆ ಕಲಿಸಬೇಕು. ತರಬೇತಿ ನಡೆಸುವ ಪ್ರಮೀಳಾ ಮೇಡಮ್ಮು ಎರಡು ಸಲ ಮನೆಗೇ ಬಂದು ಒಪ್ಪಿಸಿದ್ದರು. "ಮುಖ ಯಾರು ಬೇಕಾದ್ರೂ ಮಾಡ್ತಾರೆ ಯಜಮಾನ್ರೇ, ಅಚ್ಚು ಇದ್ರೆ ಮಿಷನ್ನೂ ಮಾಡುತ್ತೆ. ನಿಮ್ಮ ಮನೆ ಗೊಂಬೆಯ ಕಣ್ಣು ಮಾತ್ರ ಬೇರೆ ಎಲ್ಲೂ ಸಿಗಲ್ಲ. ನಿಮ್ಮ ನಂತರ ಯಾರು ಬರೀತಾರೆ ಹೇಳಿ?" ಎಂದು ಕೇಳಿದ್ದರು. ನಿಮ್ಮ ನಂತರ ಅಂದದ್ದು, ತಾನಿನ್ನೂ ಎದುರಿಗೆ ಕೂತು ಕಾಫಿ ಹೀರುತ್ತಿರುವಾಗಲೇ ಅಂದದ್ದು, ಮುದ್ದಯ್ಯನಿಗೆ ಒಂದು ಥರ ಆಯಿತು. ಆದರೂ ಹೊಗಳಿಕೆಯ ಬಿಸಿಯಲ್ಲಿ ಆಗಲಿ ಅಂದುಬಿಟ್ಟ. ಒಳಗೆ ಲೋಟ ತೊಳೆಯುತ್ತಿದ್ದ ಸುನಿತಾಳ ಸದ್ದು ಆ ಮಾತಿಗೆ ನಿಂತುಹೋದದ್ದು ಅವನಿಗೆ ಕೇಳಿಸಿತ್ತು.

"ಮಾತ್ರೆ ತಗಂಡ್ರಾ ಮಾವ?" ಎಂದಳು ಸುನಿತಾ, ಕಿಟಕಿಯ ಕಡೆಗೆ ನೋಡುತ್ತಲೇ.

"ತಗಂಡೆ ಕಣವ್ವ. ಅದೆಷ್ಟ್ ಸಲ ಕೇಳೀಯೆ?"

ಕೇಳಿದ್ದು ಇದೊಂದೇ ಸಲ. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಓಡುತ್ತಿತ್ತು. ಕಣ್ಣು ಅಂದರೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮಣ್ಣು ತುಳಿಯುವುದು, ಅಚ್ಚಿಗೆ ಒತ್ತುವುದು, ನೆರಳಲ್ಲಿ ಒಣಗಿಸುವುದು, ಸುಡುವ ಆವಿಗೆಗೆ ಜೋಡಿಸುವುದು, ಬಿಳಿ ಹಚ್ಚುವುದು, ಕಡೆಗೆ ಸೀರೆ ಅಂಚಿನ ಸಾಸಿವೆಯಷ್ಟು ಚುಕ್ಕಿ ಇಡುವುದೂ ಹೆಂಗಸರ ಕೆಲಸವೇ. ಕಣ್ಣು ಬರೆಯುವುದು ಮಾತ್ರ ಗಂಡಸಿನದು. ಮಗಳು ಬೇರೆ ಮನೆಗೆ ಹೋಗುವವಳು, ಸೊಸೆ ಬೇರೆ ಮನೆಯಿಂದ ಬಂದವಳು, ಕಣ್ಣು ಮನೆಯ ಹೊಸಿಲು ದಾಟಬಾರದು ಅಂತ ಅಜ್ಜ ಹೇಳಿದ್ದನಂತೆ. ಈಗ ಅದು ಹೊಸಿಲು ದಾಟುವ ಮಾತು ಹಾಗಿರಲಿ, ಹೊಸಿಲ ಒಳಗೇ ಹೋಗುವುದಕ್ಕೆ ಜಾಗವಿಲ್ಲದೆ ಕೂತಿತ್ತು. ಮಗ ಕುಮಾರ್ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಾನೆ. ಒಳ್ಳೆಯ ಹುಡುಗ, ಆದರೆ "ಅಪ್ಪ, ಆ ಬಣ್ಣದ ವಾಸ್ನೆಗೇ ನನ್ ತಲೆ ಸಿಡೀತದೆ, ನನ್ನ ಬುಟ್ಬುಡು" ಎಂದು ಹತ್ತನೇ ಕ್ಲಾಸಿನಲ್ಲೇ ಕೈಮುಗಿದಿದ್ದ. ಸುನಿತಾ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಕುತೂಹಲಕ್ಕೆ ಸಣ್ಣ ಕುಂಚವನ್ನು ಎತ್ತಿ ನೋಡಿದಳು. ಮುದ್ದಯ್ಯ ಬೈಯಲಿಲ್ಲ. ನಗುನಗುತ್ತಲೇ, ಬಂದ ನೆಂಟರ ಎದುರಿಗೆ, "ಅದೊಂದ್ ಮಡಗ್ಬುಡವ್ವ, ಮಿಕ್ಕಿದ್ದೆಲ್ಲ ನಿಂದೇ" ಅಂದ. ಎಲ್ಲರೂ ನಕ್ಕರು. ಸುನಿತಾ ಕೂಡ ನಕ್ಕು, ಕುಂಚವನ್ನು ಇದ್ದ ಜಾಗದಲ್ಲೇ ಇಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಏನೂ ಅಂಟಿರದ ಕೈಯನ್ನು ಅವಳು ಯಾಕೆ ಒರೆಸಿಕೊಂಡಳು ಅಂತ ಮುದ್ದಯ್ಯ ಆಗ ಯೋಚಿಸಿರಲಿಲ್ಲ.

ತಾನು ಸೊಸೆಗೆ ನಗುತ್ತ ಹೇಳಿದ್ದೇ ದೊಡ್ಡದೊಂದು ಉಪಕಾರ ಅಂದುಕೊಂಡಿದ್ದ ಅವನು. ಯಾಕೆಂದರೆ ಹೆಂಡತಿ ದ್ಯಾವಮ್ಮನಿಗೆ ನಗುತ್ತ ಹೇಳಿರಲಿಲ್ಲ. ಮದುವೆಯಾದ ಎರಡನೇ ವರ್ಷ, ಅವನಿಗೆ ಇಪ್ಪತ್ತನಾಲ್ಕು, ಒಂದು ಮಧ್ಯಾಹ್ನ ಸಂತೆಯಿಂದ ಬಂದು ನೋಡಿದರೆ ದ್ಯಾವಮ್ಮ ಜಗುಲಿಯ ಕಂಬಕ್ಕೆ ಒರಗಿ ಗೇಣುದ್ದದ ಹಾಲು ಮಾರುವವಳ ಗೊಂಬೆಗೆ ಕಣ್ಣು ಬರೆದು, ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ತನ್ನಷ್ಟಕ್ಕೆ ಏನೋ ಮಾತಾಡಿಸುತ್ತಿದ್ದಳು. ಮುದ್ದಯ್ಯ ಗೊಂಬೆಯನ್ನು ಕಿತ್ತುಕೊಂಡ. ತೊಟ್ಟಿಯ ನೀರಲ್ಲಿ ಅದ್ದಿ ಹೆಬ್ಬೆರಳಿಂದ ಉಜ್ಜಿದ, ಕಣ್ಣು ಹೋಗಿ, ಬಿಳಿ ಹೋಗಿ, ಕೆಂಪು ಮಣ್ಣು ಕಾಣುವ ತನಕ. "ನಿನ್ ಕೆಲ್ಸ ಮಣ್ಣು. ಮಣ್ಣ್ ನೋಡ್ಕೊ" ಅಂದ, ತನ್ನ ತಾಯಿಗೂ ಕೇಳಿಸಲಿ ಅಂತ ಜೋರಾಗಿಯೇ. ದ್ಯಾವಮ್ಮ ಎದ್ದು ಹೋಗಿ ಮಣ್ಣು ತುಳಿದಳು. ಅಲ್ಲಿಂದ ಮುಂದೆ ಮೂವತ್ತೊಂದು ವರ್ಷ, ಅವನು ಕಣ್ಣು ಬರೆಯಲು ಕೂತರೆ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅದನ್ನು ಅವನು ಗೌರವ ಅಂತಲೇ ತಿಳಿದಿದ್ದ. ನಾಲ್ಕು ಜನರಿಗೆ ಹಾಗೇ ಹೇಳಿಯೂ ಇದ್ದ. ಅವಳು ಸತ್ತು ಎಂಟು ವರ್ಷವಾಗಿದೆ. ಆ ಹಾಲು ಮಾರುವವಳ ಕಣ್ಣು ಚೆನ್ನಾಗಿ ಬಂದಿತ್ತು. ಚೆನ್ನಾಗಿ ಬಂದಿದೆ ಅಂತ ಅವನಿಗೆ ಆವತ್ತೇ ಗೊತ್ತಾಗಿತ್ತು, ಅದಕ್ಕೇ ಅಷ್ಟು ಹೊತ್ತು ಉಜ್ಜಿದ್ದು. ಇದನ್ನು ಅವನು ಯಾರಿಗೂ ಹೇಳಿಲ್ಲ, ಹೇಳಿಕೊಳ್ಳುವುದಕ್ಕೆ ಯಾರೂ ಉಳಿದಿಲ್ಲ.

ಜಕ್ಕನಹಳ್ಳಿಯಲ್ಲಿ ಒಂದಷ್ಟು ಜನ ಹತ್ತಿದರು. ಕಂಡಕ್ಟರು ಸುನಿತಾಳ ಡಬ್ಬ ನೋಡಿ, "ಏನಕ್ಕ ಅದು, ಮೊಟ್ಟೇನಾ?" ಅಂದ. ಅವಳು "ಊಂಕಣಣ್ಣ, ಮೊಟ್ಟೆ, ಒಸಿ ಸರಕೊಂಡ್ ನಿಂತ್ಕೊಳಿ" ಅಂದಳು. ಇಂಥ ಸುಳ್ಳು ಅವಳಿಗೆ ಸಲೀಸು. ಮುದ್ದಯ್ಯನಿಗೆ ನಗು ಬಂತು, ನಗುವಿನ ಹಿಂದೆಯೇ ಹಳೆಯದೆಲ್ಲ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಕೈ ನಡುಗಲು ಶುರುವಾದ ವರ್ಷ ಮೈಸೂರಿನ ಅಂಗಡಿಯವನು ಗೊಂಬೆಗಳನ್ನು ಡಬ್ಬದ ಸಮೇತ ವಾಪಸು ಕಳಿಸಿದ್ದ. "ಏನ್ ಯಜಮಾನ್ರೇ, ಇದರ ಒಂದ್ ಕಣ್ಣು ಮೈಸೂರು ನೋಡ್ತದೆ, ಇನ್ನೊಂದು ಮಂಡ್ಯ ನೋಡ್ತದೆ" ಎಂದು ಫೋನಿನಲ್ಲಿ ನಕ್ಕಿದ್ದ. ಆ ಮಾತು ಅದು ಹೇಗೋ ಬೀದಿಗೆ ಗೊತ್ತಾಗಿ, ಮುದ್ದಯ್ಯ ನಡೆದುಹೋದರೆ ಮಕ್ಕಳು ಕಣ್ಣು ಓರೆ ಮಾಡಿ ತೋರಿಸುವುದಾಯಿತು. ಮುಂದಿನ ವರ್ಷದ ಗೊಂಬೆ ಯಾವುದೂ ವಾಪಸು ಬರಲಿಲ್ಲ. ಇನ್ನಷ್ಟು ಕಳಿಸಿ ಅಂತ ಫೋನು ಬಂತು. ಅಷ್ಟರಲ್ಲಿ ಅವನು ಬೂಕನಕೆರೆ ಕಡೆಯ ನಾಟಿ ವೈದ್ಯನೊಬ್ಬನ ಕಷಾಯ ಕುಡಿಯಲು ಶುರುಮಾಡಿದ್ದ. ಕಷಾಯದ್ದೇ ಮಹಿಮೆ ಅಂದುಕೊಂಡ. ಅಂದುಕೊಂಡು ಸುಮ್ಮನಿದ್ದನೆ? ಕ್ಷೌರದಂಗಡಿಯಲ್ಲಿ, ಡೈರಿಯ ಸಾಲಿನಲ್ಲಿ, ಕಂಡಕಂಡವರ ಮುಂದೆಲ್ಲ ಕೈ ಚಾಚಿ ತೋರಿಸಿ, ವೈದ್ಯನ ಮನೆಗೆ ದಾರಿ ಹೇಳಿದ. ಚಾಚಿದ ಕೈ ನಡುಗುತ್ತಿದ್ದುದನ್ನು ನೋಡಿಯೂ ಜನ ಹೂಂ ಹೂಂ ಅಂದಿದ್ದರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಿಜ ಗೊತ್ತಾದದ್ದು ಹೀಗೆ. ಬೆಳಗಿನ ಹೊತ್ತು ಕಣ್ಣು ಬರೆದು ಮುಗಿಸಿ, ಹನ್ನೊಂದರ ಸುಮಾರಿಗೆ ಸರ್ದಾರ್ ಪಾಷಾನ ಅಂಗಡಿಗೆ ಟೀಗೆ ಹೋಗುವುದು ಅವನ ರೂಢಿ. ಒಂದು ದಿನ ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸು ಬಂದ. ಹಿತ್ತಲ ಕಿಟಕಿಯಿಂದ ಕಂಡಿತು: ಸುನಿತಾ ಗೊಂಬೆಯ ತಲೆಯನ್ನು ಎಡಮಂಡಿಗೆ ಆನಿಸಿಕೊಂಡು, ಒದ್ದೆ ಬಟ್ಟೆಯ ತುದಿಯಿಂದ ಅವನು ಬರೆದ ಕಣ್ಣನ್ನು ಒರೆಸುತ್ತಿದ್ದಳು. ಒರೆಸಿ, ಬಿಳಿ ಹಚ್ಚಿ, ಊದಿ ಆರಿಸಿ, ಕುಂಚ ಎತ್ತಿಕೊಂಡಳು. ಉಸಿರು ಕಟ್ಟಿ ಕೆನ್ನೆ ಉಬ್ಬಿಸಿದ್ದಳು, ಅವನು ಉಬ್ಬಿಸುವ ಹಾಗೆಯೇ. ಯಾರು ಹೇಳಿಕೊಟ್ಟರು ಇವಳಿಗೆ? ಯಾರೂ ಇಲ್ಲ, ಇಷ್ಟು ವರ್ಷ ನೀರು ಕೊಡುವ ನೆಪದಲ್ಲಿ, ಬಣ್ಣ ಕಲಸುವ ನೆಪದಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದಾಳೆ, ಅಷ್ಟೆ. ಮುದ್ದಯ್ಯನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ಮನೆಯ ಹಿತ್ತಲಿನಿಂದ ತಾನೇ ಕಳ್ಳನ ಹಾಗೆ ತುದಿಗಾಲಲ್ಲಿ ಹೊರಟುಹೋದ. ಕನ್ನಡಕವಿಲ್ಲದೆ ಟೀ ಕುಡಿದ. ಅವಳಿಗೆ ಇನ್ನೂ ಮುಗಿದಿರಲಿಕ್ಕಿಲ್ಲ ಅನ್ನಿಸಿ ಇನ್ನೊಂದು ಕುಡಿದ. ಅವತ್ತಿನಿಂದ ದಿನವೂ ಹಾಗೇ, ಗೊಂಬೆ ಜಾಸ್ತಿಯಿದ್ದ ದಿನ ನಾಲ್ಕು ಟೀ. "ಏನ್ ಮುದ್ದಯ್ಯ, ಮನೇಲಿ ಸೇರುಸ್ತಾ ಇಲ್ವಾ? ಇಲ್ಲೇ ಒಂದ್ ಚಾಪೆ ಹಾಸ್ಬುಡ್ಲಾ?" ಎನ್ನುತ್ತಿದ್ದ ಸರ್ದಾರ್ ಪಾಷಾ. ನನಗೆ ಗೊತ್ತು ಅಂದರೆ ಒಂದೋ ಅವಳನ್ನು ತಡೆಯಬೇಕು, ಇಲ್ಲವೇ ತನ್ನ ಕೈ ಮುಗಿಯಿತು ಅಂತ ಒಪ್ಪಿಕೊಳ್ಳಬೇಕು. ಎರಡೂ ಆಗಲಿಲ್ಲ. ಹಾಗೆ ಒಂದೇ ಗೊಂಬೆಗೆ ಬೆಳಗ್ಗೆ ಮಾವ ಕಣ್ಣು ಬರೆಯುವುದು, ಅವನು ಹೊರಗೆ ಹೋದಾಗ ಸೊಸೆ ಅದನ್ನು ಒರೆಸಿ ಬೇರೆ ಕಣ್ಣು ಬರೆಯುವುದು, ಸಂಜೆ ಇಬ್ಬರೂ ಕೂತು "ಈ ಸಲ ಚೆನ್ನಾಗ್ ಬಂದವೆ" ಅಂದುಕೊಳ್ಳುವುದು ಮೂರು ವರ್ಷ ನಡೆಯಿತು. ಒಂದು ಸಣ್ಣತನವನ್ನೂ ಹೇಳಿಬಿಡಬೇಕು. ಅವಳು ಬರೆದದ್ದರಲ್ಲಿ ಎಡಗಣ್ಣಿನ ಕೆಳಗೆರೆ ಯಾವಾಗಲೂ ತುಸು ಅಲುಗಿದ ಹಾಗಿರುತ್ತಿತ್ತು. ಅದನ್ನು ಕಂಡಾಗಲೆಲ್ಲ ಮುದ್ದಯ್ಯ, ಪರವಾಗಿಲ್ಲ, ಇನ್ನೂ ಪೂರ್ತಿ ಬಂದಿಲ್ಲ ಇವಳಿಗೆ, ಎಂದು ಒಳಗೊಳಗೇ ಸಮಾಧಾನಪಡುತ್ತಿದ್ದ. ಕೊಂಡವರು ಆ ಗೆರೆಯನ್ನೇ ಮೆಚ್ಚುತ್ತಿದ್ದರು ಅನ್ನುವುದು ಬೇರೆ ಮಾತು.

ನಾಗಮಂಗಲದ ಸಮುದಾಯ ಭವನದ ಬಾಗಿಲಲ್ಲಿ ಅವನದೇ ಫೋಟೋ ಹಾಕಿದ ಬ್ಯಾನರು ಕಟ್ಟಿದ್ದರು. ಮುದ್ದಯ್ಯ ಅದರ ಕೆಳಗೆ ತಲೆ ತಗ್ಗಿಸಿಕೊಂಡು ನುಸುಳಿದ. ಒಳಗೆ ಜಮಖಾನದ ಮೇಲೆ ಮೂವತ್ತು ಹೆಂಗಸರು, ಪ್ರತಿಯೊಬ್ಬರ ಮುಂದೆ ಒಂದೊಂದು ಬಿಳಿ ಹಚ್ಚಿದ ಮಣ್ಣಿನ ಮುಖ, ಸುನಿತಾ ಹೋದ ವಾರವೇ ಅಚ್ಚೊತ್ತಿ ಸುಟ್ಟು ಕಳಿಸಿದ್ದು. ಮುಂದಿನ ಸಾಲಿನಲ್ಲಿ ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದಿದ್ದ ಒಬ್ಬಳು, ದಿಲ್ಷಾದ್ ಅಂತೆ, ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು. ಪ್ರಮೀಳಾ ಮೇಡಮ್ಮು ಮಾತಾಡಿದರು. ಬಿದ್ದರೂ ಒಡೆಯದ ರಬ್ಬರು ಗೊಂಬೆಗಳು ಅಂಗಡಿ ತುಂಬಿರುವುದನ್ನು ಹೇಳಿದರು. ಒಂದೇ ಮನೆಯಿಂದ ಇನ್ನು ಈ ಕೆಲಸ ನಡೆಯಲ್ಲ, ಮೂವತ್ತು ಮನೆ ಸೇರಿದರೆ ನಡೆಯುತ್ತೆ, ಇವತ್ತಿನ ಕಣ್ಣು ನಿಮ್ಮ ಕೈಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂದರು. ಮೂವತ್ತು ಜೊತೆ ಕಣ್ಣು ಮುದ್ದಯ್ಯನ ಕಡೆ ತಿರುಗಿದವು. ಸುನಿತಾ ಡಬ್ಬದಿಂದ ಒಂದು ರಾಣಿ ಗೊಂಬೆ ತೆಗೆದು, ಹುಲ್ಲು ಕೊಡವಿ, ಅವನ ಎಡಗೈಗೆ ಕೊಟ್ಟಳು. ಕುಂಚಕ್ಕೆ ಕಪ್ಪು ಅದ್ದಿ, ಹೆಚ್ಚಾದದ್ದನ್ನು ಬಟ್ಟಲ ಅಂಚಿಗೆ ಸವರಿ, ಬಲಗೈಗೆ ಕೊಟ್ಟಳು.

ಕೈಯ ಜೋಮು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅದೇ ಒಳ್ಳೆಯದು ಅಂದುಕೊಂಡು ಉಸಿರು ಕಟ್ಟಿದ. ಬಲಗಣ್ಣಿನ ಮೇಲುಗೆರೆಯ ಮೊದಲರ್ಧ ಹೇಗೋ ಬಂತು. ಆಮೇಲೆ ಕುಂಚ ತನ್ನಷ್ಟಕ್ಕೆ ಹಾರಿ ಮೂಗಿನ ಮೇಲೆ ಬಿತ್ತು, ಅಲ್ಲಿಂದ ಎತ್ತಿಕೊಳ್ಳುವಷ್ಟರಲ್ಲಿ ಕೆನ್ನೆಯ ಮೇಲೆ ದೊಡ್ಡ ಕಪ್ಪು ಮಚ್ಚೆಯಾಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬ ಹೆಂಗಸು ಎದ್ದು ಫ್ಯಾನು ಜೋರು ಮಾಡಿದಳು.

"ಮಾವಂಗೆ ಹೊಸ ಕನ್ನಡಕ ಮೇಡಂ, ಇನ್ನೂ ಒಗ್ಗಿಲ್ಲ. ಬಸ್ಸಲ್ಲಿ ಬೇರೆ ಸುಸ್ತಾಗದೆ. ನಾಳೆ ಬರೀತಾರೆ" ಎಂದಳು ಸುನಿತಾ ಥಟ್ಟನೆ. ಕನ್ನಡಕ ಆರು ವರ್ಷದ್ದು.

"ಹಾಗಾದ್ರೆ ನೀವು ಒಂದು ಬರೆದು ತೋರಿಸಿ ಸುನಿತಾ. ಇವರು ಸುಮ್ಮನೆ ಕೂತಿರೋದು ಬೇಡ" ಎಂದರು ಪ್ರಮೀಳಾ.

"ನಂಗ್ ಬರಲ್ಲ ಮೇಡಂ. ನಮ್ಮನೇಲಿ ಎಂಗಸ್ರು ಕಣ್ ಮುಟ್ಟಾಕಿಲ್ಲ."

ಸುನಿತಾ ಅದನ್ನು ತಲೆ ತಗ್ಗಿಸದೆ, ಸ್ವಲ್ಪ ಹೆಮ್ಮೆಯಿಂದಲೇ ಎಂಬಂತೆ ಹೇಳಿದಳು. ತಾನು ಅವಳ ಮೇಲೆ ಹೇರಿದ್ದ ಕಟ್ಟಳೆಯನ್ನು ಅವಳು ಮಾವನ ಮರ್ಯಾದೆಗೆ ಅಡ್ಡ ಹಿಡಿಯುತ್ತಿದ್ದಾಳೆ ಎನ್ನುವುದು ಹೊಳೆದಾಗ ಮುದ್ದಯ್ಯನಿಗೆ ನಾಚಿಕೆಯಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು ಮುಟ್ಟಬಾರದ್ದನ್ನು ಕಲಿಯಲು ತಾವು ಬಂದಿದ್ದೇವಲ್ಲ ಅಂತ. ದಿಲ್ಷಾದ್ ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಮುದ್ದಯ್ಯ ಈಗ ಒಂದು ಮಾತು ಆಡದೆ ಕೂತರೆ ಆಯಿತು, ನಾಳೆ ಮೈ ಹುಷಾರಿಲ್ಲ ಅಂದರೆ ಆಯಿತು, ಎಲ್ಲ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೊಟ್ಟಿಯ ನೀರು, ಹೆಬ್ಬೆರಳು. ದ್ಯಾವಮ್ಮ ಆವತ್ತು ಎದ್ದು ಹೋಗುವಾಗ ಒಂದೇ ಒಂದು ಸಲ ತಿರುಗಿ ನೋಡಿದ್ದಳು, ಅವನನ್ನಲ್ಲ, ತೊಟ್ಟಿಯನ್ನು.

"ಬತ್ತದೆ" ಎಂದ ಮುದ್ದಯ್ಯ. ಫ್ಯಾನಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದ. "ಅವ್ಳಿಗೆ ಬತ್ತದೆ ಮೇಡಮ್ಮೋರೇ. ಮೂರ್ ವರ್ಸದಿಂದ ಅವಳೇ ಬರೀತಾ ಇರೋದು. ನೀವ್ ಒಗಳುದ್ದೆಲ್ಲ ಅವಳ್ ಬರ್ದಿದ್ದೇಯ. ನಾನ್ ಟೀಗೆ ಓಗಿರ್ತೀನಲ್ಲ, ಆಗ ಬರೀತಾಳೆ."

ಸುನಿತಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. "ನಿಮ್ಗ್ ಗೊತ್ತಿತ್ತಾ ಮಾವ?"

"ಇಲ್ದಿದ್ರೆ ನಾಕ್ ನಾಕ್ ಟೀ ಯಾಕವ್ವ ಕುಡೀತಿದ್ದೆ? ನಂಗೇನ್ ಗ್ಯಾಸ್ಟ್ರಿಕ್ ಬೇಕಾಗಿತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುನಿತಾ ನಗಲಿಲ್ಲ. ಮೂರು ವರ್ಷದ ಆ ಟೀಗಳನ್ನೆಲ್ಲ ಈಗ ಎಣಿಸಿಕೊಳ್ಳುತ್ತಿರುವವಳಂತೆ ಅವನನ್ನೇ ನೋಡಿದಳು, ಕಣ್ಣು ತುಂಬಿಕೊಂಡಿತು, ತೋಳಿನಿಂದ ಒರೆಸಿಕೊಂಡಳು. "ತಪ್ ನಂದೇ ಕಣವ್ವ" ಎಂದ ಮುದ್ದಯ್ಯ, ಈ ಸಲ ಅವಳೊಬ್ಬಳಿಗೇ ಕೇಳುವಷ್ಟು. "ನಿಮ್ಮತ್ತೇಗೂ ಬತ್ತಿತ್ತು. ಅವಳ್ಗೆ ನಾನು ಬುಡ್ಲಿಲ್ಲ. ಕೂತ್ಕೊ. ಬರಿ."

ಸುನಿತಾ ಎಡಮಂಡಿ ಮಡಚಿ ಕೂತು ಇನ್ನೊಂದು ಗೊಂಬೆ ತೆಗೆದಳು. ಮುದ್ದಯ್ಯ ಅವಳು ಬರೆಯುವುದನ್ನು ಎದುರಿಗೆ ಕೂತು ನೋಡುತ್ತಿದ್ದುದು ಇದೇ ಮೊದಲು. ಎಂಥ ಕೈ! ಬಲಗಣ್ಣಿನ ಮೇಲುಗೆರೆ ಒಂದೇ ಎಳೆತಕ್ಕೆ ಬಂತು, ಕೆಳಗೆರೆ, ಗುಡ್ಡೆ, ಗುಡ್ಡೆಯೊಳಗಿನ ಬಿಳಿ ಚುಕ್ಕಿ, ಎಡಗಣ್ಣಿನ ಮೇಲುಗೆರೆ, ಎಲ್ಲೂ ಒಂದು ಕೂದಲಿನಷ್ಟೂ ತಪ್ಪಲಿಲ್ಲ. ತನ್ನ ಹರೆಯದಲ್ಲಿ ತಾನು ಹೀಗೆ ಬರೆಯುತ್ತಿದ್ದೆನೆ ಅಂತ ಅವನಿಗೆ ಅನುಮಾನವಾಯಿತು. ಕಡೆಯದಾಗಿ ಎಡಗಣ್ಣಿನ ಕೆಳಗೆರೆ. ಅಲ್ಲಿಗೆ ಬಂದಾಗ ಅವಳು ಕುಂಚವನ್ನು ಬೆರಳಲ್ಲಿ ಸಡಿಲ ಮಾಡಿದಳು. ಮಣಿಕಟ್ಟು ಸಣ್ಣಗೆ ನಡುಗಿತು. ಗೆರೆ ತುಸುವೇ ಅಲುಗಿ, ಒಂದು ಕಡೆ ತೆಳುವಾಗಿ, ಇನ್ನೊಂದು ಕಡೆ ಇಳಿದು, ಕೊನೆ ಮುಟ್ಟಿತು. ಅವಳ ಕೈ ಮತ್ತೆ ಕಲ್ಲಿನ ಹಾಗೆ ನಿಂತಿತು. ಮುದ್ದಯ್ಯನಿಗೆ ಆಗ ತಿಳಿಯಿತು. ಇಷ್ಟು ದಿನ ಅವಳಿಗೆ ಬಾರದ್ದು ಅಂದುಕೊಂಡು ತಾನು ಸಮಾಧಾನಪಟ್ಟದ್ದು ತನ್ನದೇ ನಡುಕ. ಅದನ್ನು ಅವಳು ಕಲಿತು ಬರೆಯುತ್ತಿದ್ದಳು.

"ಅದ್ ಬ್ಯಾಡ ಕಣವ್ವ" ಎಂದ. "ನಿನ್ ಕೈ ಚೆನ್ನಾಗದೆ. ನೆಟ್ಟಗೇ ಬರಿ."

"ಮೊದಲ್ನೇ ವರ್ಸ, ನೀವ್ ನೋಡಿದ್ರೆ ನಿಮ್ದೇ ಅನ್ಕೋಬೇಕಲ್ಲ ಅಂತ ಅಂಗ್ ಬರ್ದೆ ಮಾವ" ಎಂದಳು ಸುನಿತಾ, ಗೊಂಬೆಯ ಮುಖವನ್ನು ಊದುತ್ತ. "ಆಮ್ಯಾಕೆ ನಂಗೇ ಬುಡಕಾಗ್ಲಿಲ್ಲ. ನೆಟ್ಟಗ್ ಬರೆದ್ರೆ ಗೊಂಬೆ ಸುಮ್ಕೆ ನೋಡ್ತದೆ ಅಷ್ಟೆ. ಇಂಗ್ ಬರೆದ್ರೆ ನಮ್ಮನ್ನ ನೋಡ್ತದೆ." ಅವಳು ಗೊಂಬೆಯನ್ನು ಸಾಲಿನ ಕಡೆಗೆ ತಿರುಗಿಸಿ ಹಿಡಿದಳು. ಹೆಂಗಸರು ಮುಂದಕ್ಕೆ ಬಾಗಿದರು. ಯಾರೋ, "ಅಯ್ಯೋ, ಈಗ್ತಾನೆ ತವರಿಂದ ಬಂದಿರೋಳ್ ಥರ ಅವ್ಳೆ" ಅಂದರು.

ಆಮೇಲೆ ಎಲ್ಲರೂ ಕುಂಚ ಹಿಡಿದರು. ಸುನಿತಾ ಸಾಲಿನಿಂದ ಸಾಲಿಗೆ ಹೋಗಿ ಗೊಂಬೆಯ ತಲೆಯನ್ನು ಮಂಡಿಗೆ ಆನಿಸುವುದು ಹೇಗೆ, ಉಸಿರು ಎಲ್ಲಿ ಕಟ್ಟಬೇಕು ಎಂದು ತೋರಿಸುತ್ತಿದ್ದಳು. ಅವಳ ದನಿ ಇಷ್ಟು ದೊಡ್ಡದಿದೆ ಅಂತ ಮುದ್ದಯ್ಯನಿಗೆ ಗೊತ್ತಿರಲಿಲ್ಲ. ಮಚ್ಚೆ ಬಿದ್ದ ರಾಣಿಯನ್ನು ಹಿಡಿದುಕೊಂಡು ಅವನು ಗೋಡೆಗೆ ಒರಗಿ ಕೂತ. ಮನಸ್ಸು ಹಗುರಾಗಿತ್ತು, ಅದರ ಜೊತೆಗೇ ತನಗಿನ್ನು ಇಲ್ಲಿ ಏನೂ ಕೆಲಸವಿಲ್ಲ ಅನ್ನುವುದೂ ಸ್ಪಷ್ಟವಾಗಿತ್ತು. ನಾಳೆಯಿಂದ ಸುನಿತಾ ಒಬ್ಬಳೇ ಬರಬಹುದು. ಎದುರಿಗೆ ಮೂವತ್ತು ಹೆಂಗಸರು ನಾಲಿಗೆ ಕಚ್ಚಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಎಡಗಣ್ಣಿನ ಕೆಳಗೆರೆಯ ಹತ್ತಿರ ಬಂದಾಗ ಮಣಿಕಟ್ಟನ್ನು ಬೇಕೆಂದೇ ನಡುಗಿಸುತ್ತಿದ್ದರು. ಕೆಲವರದು ಜಾಸ್ತಿಯಾಗಿ ಹಾವು ಹರಿದ ಹಾಗೆ ಬರುತ್ತಿತ್ತು. ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ಅವನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

"ಬಾಬಾ" ಎಂದು ಕರೆದಳು ಮುಂದಿನ ಸಾಲಿನಿಂದ ದಿಲ್ಷಾದ್. "ನಂದು ಬರ್ತಾನೇ ಇಲ್ಲ ನೋಡಿ. ಇಪ್ಪತ್ತೈದು ವರ್ಸ ಮಿಷನ್ ತುಳ್ದಿರೋ ಕೈ ಇದು, ಸೀದಾ ಬಿಟ್ರೆ ಬೇರೆ ಗೊತ್ತಿಲ್ಲ. ನಡುಗು ಅಂದ್ರೂ ನಡುಗಲ್ಲ."

"ಸೀದಾನೇ ಚೆಂದ ಕಣವ್ವ."

"ಇಲ್ಲ ಬಾಬಾ, ಸುನಿತಾ ಆಪಾ ಬರೆದ್ರಲ್ಲ, ನಂಗೆ ಅದೇ ಆಗ್ಬೇಕು."

ಮುದ್ದಯ್ಯ ಗೋಡೆ ಹಿಡಿದು ಎದ್ದು, ಅವಳ ಪಕ್ಕದಲ್ಲಿ ನಿಧಾನಕ್ಕೆ ಮಂಡಿಯೂರಿದ. ಅವಳು ಮಣ್ಣಿನ ಮುಖವನ್ನು ಮಂಡಿಗೆ ಆನಿಸಿ, ಎಡಗಣ್ಣಿನ ಕೆಳಗೆ ಕುಂಚದ ಮೊನೆ ಇಟ್ಟು ಕಾದಳು. ಅವಳ ಬೆರಳಿಗೆ ತಾಕದ ಹಾಗೆ, ಮೇಲೆ ಕುಂಚದ ಬಾಲವನ್ನು ಅವನು ಎರಡು ಬೆರಳಲ್ಲಿ ಹಿಡಿದುಕೊಂಡ. "ಗಟ್ಟಿಯಾಗ್ ಇಡೀಬ್ಯಾಡ. ಬುಟ್ಬುಡು. ಅದೇ ಓಯ್ತದೆ" ಎಂದ. ಅವನ ಕೈಯ ನಡುಕ ಕಡ್ಡಿಯಗುಂಟ ಇಳಿದು ಅವಳ ಬೆರಳು ದಾಟಿ ಮೊನೆಗೆ ಬಂತು. ಗೆರೆ ತುಸು ಅಲುಗಿತು, ತೆಳುವಾಯಿತು, ಇಳಿಯಿತು, ಕೊನೆ ಮುಟ್ಟಿತು.

ದಿಲ್ಷಾದ್ ಮುಖವನ್ನು ದೂರ ಹಿಡಿದು ನೋಡಿದಳು. ಹತ್ತಿರ ಹಿಡಿದು ನೋಡಿದಳು. "ಬಂತು ಬಾಬಾ" ಎಂದಳು ಮೆಲ್ಲಗೆ.

ಪಕ್ಕದಲ್ಲಿದ್ದ ಹೆಂಗಸು ತನ್ನ ಮಣ್ಣಿನ ಮುಖವನ್ನು ಜಮಖಾನದ ಮೇಲೆ ಅವನ ಕಡೆಗೆ ಸರಿಸಿ, "ಅಯ್ಯಾ, ನಂಗೂ ಒಸಿ ಇಡ್ಕೊಡಿ" ಅಂದಳು. ಮುದ್ದಯ್ಯ ಮಂಡಿಯ ಮೇಲೇ ಅವಳ ಕಡೆಗೆ ಜರುಗಿದ.